ಹೆಂಡದಂಗಡಿಗೆ ಹೋದ ಗುರುಶಾಂತಮ್ಮ

ಬೀರೂರು ಮುಗಿದು ಅಜ್ಜಂಪುರದ ರಸ್ತೆ ಶುರುವಾಗುವಲ್ಲಿ ಹಳೆಯ ಛತ್ರವೊಂದಿತ್ತು. ಬಸ್ಸುಗಳು ಹೆಚ್ಚಾಗಿ, ಅಲ್ಲಿ ತಂಗುವವರು ಇಲ್ಲವಾದ ಮೇಲೆ, ಕೊಬ್ಬರಿ ವ್ಯಾಪಾರದ ನಾಲ್ಕು ಜನ ಸೇರಿ ಅದನ್ನು ದಿಕ್ಕಿಲ್ಲದ ಮುದುಕರಿಗೆ ಬಿಟ್ಟುಕೊಟ್ಟಿದ್ದರು. ೧೯೬೮ರ ಬೇಸಿಗೆಯಲ್ಲಿ ಆ ಆಶ್ರಮವನ್ನು ನೋಡಿಕೊಳ್ಳಲು ಗುರುಶಾಂತಮ್ಮ ಬಂದರು. ತರೀಕೆರೆಯ ಕಡೆ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವ ದಾದಿಯಾಗಿದ್ದವರು. ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ.

ಬಂದ ವಾರದಲ್ಲೇ ಛತ್ರದ ಮುಖ ಬದಲಾಯಿತು. ಗೋಡೆಗಳಿಗೆ ಸುಣ್ಣ ಬಿತ್ತು, ಕಂಬಳಿಗಳು ಬಿಸಿಲು ಕಂಡವು, ಮುದ್ದೆಯ ಜೊತೆ ತಿನ್ನುವಂಥ ಸಾರು ಬಂತು. ಮುದುಕರು ಅವರನ್ನು ಹರಸಿದರು. ಆದರೆ ಕಂಬಳಿ ಒಗೆಸುವಾಗ ಅದರಲ್ಲಿ ಬೀಡಿಯ ಕಿಡಿ ಬಿದ್ದು ಸುಟ್ಟ ತೂತುಗಳನ್ನು ನೋಡಿ ಗುರುಶಾಂತಮ್ಮ ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿದರು. ಇನ್ನು ಮೇಲೆ ಈ ಮನೆಯಲ್ಲಿ ಬೀಡಿ ಇಲ್ಲ, ಹೆಂಡ ಸಾರಾಯಿ ಅಂತೂ ಇಲ್ಲವೇ ಇಲ್ಲ, ಇಷ್ಟವಿಲ್ಲದವರು ಹೋಗಬಹುದು ಎಂದುಬಿಟ್ಟರು. ಹೋಗಲು ಜಾಗವಿದ್ದವರು ಅಲ್ಲಿ ಯಾರೂ ಇರಲಿಲ್ಲ.

ಆ ಮಾತು ಹೆಚ್ಚು ತಟ್ಟಿದ್ದು ಇಬ್ಬರಿಗೆ. ಬುಕ್ಕಾಂಬುಧಿಯ ಹುಲಿಗೆಮ್ಮ ಮದುವೆಯಾದ ಹೊಸತರಲ್ಲಿ ಗಂಡನಿಗೆ ಬೀಡಿ ಹಚ್ಚಿಕೊಡುತ್ತ ತಾನೂ ಕಲಿತವಳು. ಅವಳು ಹಿತ್ತಲ ಬೇಲಿಯ ಆಚೆ ಹೋಗಿ ಸೇದಿ ಬರತೊಡಗಿದಳು. ಇನ್ನೊಬ್ಬ ಸಿಂಗಟಗೆರೆಯ ಕೆಂಚಪ್ಪ, ಬಾವಿ ತೋಡುವ ಕೆಲಸದವನು. ಪ್ರಾಯವೆಲ್ಲ ಸೊಂಟಮಟ್ಟದ ತಣ್ಣೀರಿನಲ್ಲಿ ನಿಂತೇ ಕಳೆದಿತ್ತು. ಮೈ ಬೆಚ್ಚಗಾಗಲೆಂದು ಹಿಡಿದ ಕುಡಿತ ಮತ್ತೆ ಬಿಡಲಿಲ್ಲ. ಬೆಳಗ್ಗೆ ಎದ್ದೊಡನೆ ಒಂದಿಷ್ಟು, ಸಂಜೆಗೆ ಹೊಟ್ಟೆ ತುಂಬ. ಹೀಗೇ ವರ್ಷಗಳು ಕಳೆದಿದ್ದವು. ಮೃದು ಮನುಷ್ಯ. ಅಮ್ಮಾರು ಹೇಳಿದಾರೆ ಎಂದು ಆವತ್ತಿನಿಂದಲೇ ನಿಲ್ಲಿಸಿಬಿಟ್ಟ. ಹೀಗೆ ಮಾತು ಕೇಳಿದವನನ್ನು ಕಂಡು ಗುರುಶಾಂತಮ್ಮನಿಗೆ ಸಂತೋಷವಾಯಿತು.

ಎರಡು ಮೂರು ದಿನ ಕಳೆಯುವಷ್ಟರಲ್ಲಿ ಕೆಂಚಪ್ಪನ ಕೈ ತಟ್ಟೆ ಹಿಡಿಯದಾಯಿತು. ಮೈಯೆಲ್ಲ ಬೆವರು, ನಿದ್ದೆಯಿಲ್ಲ. ಜ್ವರವೆಂದು ಗುರುಶಾಂತಮ್ಮ ಕಷಾಯ ಕೊಟ್ಟರು, ಹಣೆಗೆ ತಣ್ಣೀರು ಬಟ್ಟೆ ಹಾಕಿದರು. ಒಂದು ಬೆಳಗ್ಗೆ ಅವನು ಚಾಪೆಯ ಮೇಲೆ ಎದ್ದು ಕೂತು ಗೋಡೆ ತಡವತೊಡಗಿದ.

"ಹಗ್ಗ ಬಿಡ್ರಪ್ಪ, ನೀರು ಏರ್ತಾ ಐತೆ. ನನ್ನ ಮ್ಯಾಕೆ ಎಳ್ಕಳ್ರಪ್ಪ."

ಬಾವಿಯೂ ಇರಲಿಲ್ಲ, ನೀರೂ ಇರಲಿಲ್ಲ. ಅಡುಗೆಯ ಲಿಂಗಮ್ಮ ಬಸ್ಸು ಹಿಡಿದು ಕಡೂರಿಗೆ ಹೋಗಿ ಡಾಕ್ಟರನ್ನು ಕರೆತಂದಳು. ಡಾಕ್ಟರು ನಾಡಿ ಹಿಡಿದರು, ಕಣ್ಣು ನೋಡಿದರು, ದಿನಾ ಎಷ್ಟು ಕುಡಿಯುತ್ತಿದ್ದ, ಯಾವಾಗ ಬಿಟ್ಟ ಎಂದು ವಿಚಾರಿಸಿದರು. ಆಮೇಲೆ ಒಂದು ಇಂಜೆಕ್ಷನ್ ಕೊಟ್ಟು ಗುರುಶಾಂತಮ್ಮನನ್ನು ಹೊರಗೆ ಕರೆದರು. ಇದು ಜ್ವರವಲ್ಲ. ಇಷ್ಟು ವರ್ಷ ಕುಡಿದ ದೇಹಕ್ಕೆ ಒಮ್ಮೆಲೇ ತಪ್ಪಿಸಿದರೆ ಹೀಗಾಗುತ್ತದೆ, ಜೀವವೂ ಹೋಗುತ್ತದೆ. ಸದ್ಯಕ್ಕೆ ಸ್ವಲ್ಪ ಹೆಂಡ ತರಿಸಿ ಗುಟುಕು ಗುಟುಕಾಗಿ ಕುಡಿಸಬೇಕು, ಆಮೇಲೆ ನಿಧಾನವಾಗಿ ಕಡಿಮೆ ಮಾಡಬೇಕು ಎಂದರು.

ಗುರುಶಾಂತಮ್ಮ ಜಗಲಿಯ ಕಂಬ ಹಿಡಿದು ನಿಂತರು. ಅವರ ತಂದೆ ಅಜ್ಜಂಪುರದಲ್ಲಿ ಗಾಡಿ ಹೊಡೆಯುತ್ತಿದ್ದವರು, ಕುಡುಕರು. ಎಷ್ಟೋ ಸಂಜೆ ಹೆಂಡದಂಗಡಿಯಿಂದ ಅವರ ಕೈ ಹಿಡಿದು ಮನೆಗೆ ಕರೆತಂದದ್ದು ಈ ಮಗಳೇ. ಒಂದು ಸಲ ಸೋದರಮಾವಂದಿರು ಬಂದು ಕುಡಿತ ಬಿಡಿಸುತ್ತೇವೆಂದು ತಂದೆಯನ್ನು ಸೌದೆಯ ಕೋಣೆಯಲ್ಲಿ ಕೂಡಿಹಾಕಿದರು. ಒಳಗಿನಿಂದ ಅವರು ಏನೇನೋ ಕೂಗುತ್ತಿದ್ದರು, ಯಾರು ಯಾರನ್ನೋ ಕರೆಯುತ್ತಿದ್ದರು. ಆಮೇಲೆ ಸದ್ದು ನಿಂತಿತು. ಬಾಗಿಲು ತೆಗೆದಾಗ ಜೀವ ಇರಲಿಲ್ಲ. ಹೆಂಡವೇ ತಿಂದುಹಾಕಿತು ಎಂದು ಹಿರಿಯರು ಹೇಳಿದ್ದನ್ನು ಗುರುಶಾಂತಮ್ಮ ಇದುವರೆಗೂ ನಂಬಿದ್ದರು.

"ಡಾಕ್ಟ್ರೇ, ಕೋಣೇಲಿ ಹಾಕಿ ಬೀಗ ಹಾಕಿದ್ರೂ ಹಿಂಗೇ ಆಗುತ್ತಾ?"

"ಆಗುತ್ತಮ್ಮ. ಯಾಕೆ?"

ಗುರುಶಾಂತಮ್ಮ ಕಂಬ ಬಿಟ್ಟರು. ಒಳಗೆ ಹೋಗಿ ಒಂದು ತಂಬಿಗೆ ತಂದರು. ಲಿಂಗಮ್ಮ ಮೊದಲೇ ಕೈ ಮುಗಿದುಬಿಟ್ಟಿದ್ದಳು, ಆ ಅಂಗಡಿ ಬಾಗಿಲಿಗೆ ತಾನು ಹೋಗಲಾರೆನೆಂದು. ನಡೆಯಬಲ್ಲ ಗಂಡಸರು ಯಾರೂ ಇರಲಿಲ್ಲ. ಹುಲಿಗೆಮ್ಮ ಕೋಲು ಊರಿಕೊಂಡು ಎದ್ದಳು. "ನಡಿಯವ್ವ, ನಾನೂ ಬತ್ತೀನಿ. ನನ್ನ ಗಂಡಂಗೆ ತರಕೆ ಹೋಗಿ ಹೋಗಿ ನಂಗೆ ಅದರ ನಾಚಿಕೆ ಹೋಗೈತೆ" ಎಂದಳು.

ಹಟ್ಟಹಗಲು ಇಬ್ಬರು ಹೆಂಗಸರು ಬೀರೂರಿನ ಬೀದಿಯಲ್ಲಿ ನಡೆದರು. ಅಂಗಡಿಯಲ್ಲಿದ್ದವರೆಲ್ಲ ಮಾತು ನಿಲ್ಲಿಸಿದರು. ಕೆಲವರು ಎದ್ದು ನಿಂತರು. ಹುಳಿ ವಾಸನೆ ಮೂಗಿಗೆ ಬಡಿದೊಡನೆ ಗುರುಶಾಂತಮ್ಮನಿಗೆ ತಂದೆಯ ಅಂಗಿ, ಅವರ ಒರಟು ಅಂಗೈ ನೆನಪಾದವು. ಎಷ್ಟೋ ವರ್ಷಗಳ ಮೇಲೆ, ಸಿಟ್ಟಿಲ್ಲದೆ. ಹುಲಿಗೆಮ್ಮ ಬಾಯಿ ತೆಗೆಯುವ ಮೊದಲು ಅವರೇ ತಂಬಿಗೆ ಚಾಚಿ, ಆಶ್ರಮದ ಕೆಂಚಪ್ಪನಿಗೆ ಹುಷಾರಿಲ್ಲ, ಅವನಿಗೆ ಬೇಕು ಎಂದರು. ಕೆಂಚಣ್ಣ ಕಾಣದೆ ತಮಗೂ ಯೋಚನೆಯಾಗಿತ್ತೆಂದು ಅಂಗಡಿಯವನು ಹೇಳಿದ.

ವಾಪಸು ಬರುವಾಗ ಹುಲಿಗೆಮ್ಮ ದಾರಿಯ ಪಕ್ಕದ ಕಲ್ಲಿನ ಮೇಲೆ ಕೂತು, ಮರೆಮಾಚದೆ, ಮಡಿಲಿಂದ ಬೀಡಿ ತೆಗೆದು ಹಚ್ಚಿದಳು. ಗುರುಶಾಂತಮ್ಮ ನೋಡಿ, ತಂಬಿಗೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು.

"ಬೈಯಲ್ವಾ?"

"ಕೆಮ್ಮು ಹೆಚ್ಚಾಗುತ್ತೆ ಅಂತ ಹೇಳ್ತೀನಿ ಅಜ್ಜಿ. ಬೈಯಲ್ಲ."

"ಕೆಮ್ಮು ನಂಗೂ ಗೊತ್ತು ಕಣವ್ವ. ಆ ಮನೇಲಿ ಚಾಪೆ ನಿಮ್ದು, ತಟ್ಟೆ ನಿಮ್ದು, ಉಟ್ಟಿರೋ ಸೀರೆನೂ ಯಾರೋ ಕೊಟ್ಟಿದ್ದು. ನಂದು ಅಂತ ಇರೋದು ಇದೊಂದೆ."

ಗುರುಶಾಂತಮ್ಮ ಅವಳ ಬೀಡಿ ಮುಗಿಯುವ ತನಕ ಪಕ್ಕದಲ್ಲೇ ನಿಂತಿದ್ದರು.

ಕೆಂಚಪ್ಪ ಬದುಕಿದ. ಚಮಚದಲ್ಲಿ ಕುಡಿಸಿದ ಹೆಂಡ, ಡಾಕ್ಟರ ಔಷಧಿ, ಗಂಜಿ, ಎಲ್ಲ ಸೇರಿ ನಡುಕ ಇಳಿಯಿತು. ಕಣ್ಣು ತಿಳಿಯಾದ ದಿನ ಅವನು ಗುರುಶಾಂತಮ್ಮನ ಕೈಯಲ್ಲಿ ಹೆಂಡದ ಲೋಟ ನೋಡಿ ನಾಚಿಕೆಯಿಂದ ಮುಖ ತಿರುಗಿಸಿದ. ಅವರು ಅವನ ಪಕ್ಕ ಕೂತು ತಮ್ಮ ತಂದೆಯ ವಿಷಯ ಹೇಳಿದರು. ಅದುವರೆಗೂ ಯಾರಿಗೂ ಹೇಳಿರಲಿಲ್ಲ. ಕೆಂಚಪ್ಪ ಎಲ್ಲ ಕೇಳಿಸಿಕೊಂಡು, ಅಪ್ಪ ಹೆಂಗಿದ್ದರು, ಕುಡಿಯದಾಗ ನಗಿಸುತ್ತಿದ್ದರಾ ಎಂದು ಕೇಳಿದ. ನಗಿಸುತ್ತಿದ್ದರು ಎಂದು ಹೇಳಿ ಅವರು ಲೋಟವನ್ನು ಅವನ ಬಾಯಿಗೆ ಹಿಡಿದರು.

ಸುದ್ದಿ ಹಬ್ಬಿ, ಛತ್ರ ಬಿಟ್ಟುಕೊಟ್ಟವರಲ್ಲಿ ಒಬ್ಬರಾದ ಈರಭದ್ರಪ್ಪ ಸಿಟ್ಟಿನಿಂದ ಬಂದರು. ಧರ್ಮದ ಮನೆಗೆ ಹೆಂಡ ತರುವುದೇ ಎಂದು ಕೇಳಿದರು. ಗುರುಶಾಂತಮ್ಮ ಅವರಿಗೆ ಮಜ್ಜಿಗೆ ಕೊಟ್ಟು ಕೂರಿಸಿದರು.

"ಕದ್ದು ಕುಡಿದ್ರೆ ಎಷ್ಟು ಅಂತ ನಂಗೆ ಗೊತ್ತಾಗಲ್ಲ ಯಜಮಾನ್ರೇ. ನನ್ನ ಕೈಯಿಂದ ಕುಡಿದ್ರೆ ಕಡಿಮೆ ಮಾಡಬೋದು. ಬೇಡ ಅಂದ್ರೆ ನಾನೇ ಈ ಮನೆ ಬಿಟ್ಟು ಹೋಗ್ತೀನಿ."

ಈರಭದ್ರಪ್ಪ ಒಪ್ಪಿದೆ ಎನ್ನಲಿಲ್ಲ. ಮಜ್ಜಿಗೆ ಕುಡಿದು ಎದ್ದರು. ಆದರೆ ಅವರು ಆಶ್ರಮಕ್ಕೆ ಕಳಿಸುತ್ತಿದ್ದ ರಾಗಿ ಮೂಟೆ ಮುಂದಿನ ತಿಂಗಳೂ ತಪ್ಪದೆ ಬಂತು.

ಗುರುಶಾಂತಮ್ಮ ಅಂಗಳದ ಹೊಂಗೆಮರದ ಕೆಳಗೆ ಒಂದು ಚಪ್ಪಡಿ ಹಾಕಿಸಿದರು. ಸೇದುವವರು ಅಲ್ಲಿ ಕೂತು ಸೇದಬೇಕು, ಹಾಸಿಗೆಯ ಹತ್ತಿರ ಬೆಂಕಿ ಬರಕೂಡದು. ಕದ್ದು ಸೇದುವ ಅವಸರ ಹೋದದ್ದರಿಂದಲೋ ಏನೋ, ಹುಲಿಗೆಮ್ಮನ ಬೀಡಿ ಕಡಿಮೆಯಾಯಿತು. ಹಚ್ಚಿಕೊಂಡು ಮಾತಿಗೆ ಕೂತರೆ ಅರ್ಧಕ್ಕೇ ಆರಿಹೋಗುತ್ತಿತ್ತು. ಪೂರ್ತಿ ಬಿಡಲಿಲ್ಲ, ಬಿಡುತ್ತೇನೆಂದು ಸುಳ್ಳೂ ಹೇಳಲಿಲ್ಲ. ಕೆಂಚಪ್ಪನ ಲೋಟ ಮುಂಗಾರಿನ ಹೊತ್ತಿಗೆ ಅರ್ಧವಾಯಿತು, ಆಮೇಲೆ ಗುಟುಕಾಯಿತು. ರಾಗಿ ಕೊಯ್ಲಿನ ದಿನಗಳಲ್ಲಿ ಒಂದು ಸಂಜೆ, ಸಾಕು ಅಮ್ಮಾರೆ, ನಾಳೆಯಿಂದ ಮಜ್ಜಿಗೆ ಕೊಡಿ ಎಂದ. ನಡುವೆ ಎರಡು ಸಲ ತಪ್ಪಿದ್ದೂ ಉಂಟು. ತಪ್ಪಿದ ದಿನ ತಾನೇ ಬಂದು ಹೇಳಿದ.

ಆ ಚಳಿಗಾಲದಲ್ಲಿ ತರೀಕೆರೆಯ ಕಡೆಯಿಂದ ಸಣ್ಣಬೀರಪ್ಪ ಎಂಬ ಮುದುಕನನ್ನು ಯಾರೋ ತಂದು ಬಿಟ್ಟರು. ಮೈಯೆಲ್ಲ ಸಾರಾಯಿ ವಾಸನೆ. ಹೆದರಿ ಬಾಗಿಲಲ್ಲೇ ಮುದುರಿ ನಿಂತಿದ್ದ. ಗುರುಶಾಂತಮ್ಮ ಊಟ ಮಾಡುತ್ತೀಯಾ ಎಂದು ವಿಚಾರಿಸಿ, ದಿನಾ ಎಷ್ಟು ಕುಡಿಯುತ್ತೀಯ, ಹೆದರದೆ ನಿಜ ಹೇಳಪ್ಪ ಎಂದು ಕೇಳಿದರು. ಅವನು ಇನ್ನಷ್ಟು ಹಿಂದಕ್ಕೆ ಸರಿದ. ಆಗ ಕೆಂಚಪ್ಪ ಒಳಗಿನಿಂದ ಬಂದು ಅವನ ಗಂಟು ಎತ್ತಿಕೊಂಡ. "ಬಾರಪ್ಪಾ ಬೀರಪ್ಪ, ನನ್ನ ಮಗ್ಗುಲಲ್ಲಿ ಚಾಪೆ ಹಾಸ್ಕ. ಕೈ ನಡುಗಿದ್ರೆ ನನ್ನ ಎಬ್ಬಿಸು" ಎಂದ.

ಸಣ್ಣಬೀರಪ್ಪ ಅವನ ಹಿಂದೆ ಒಳಗೆ ನಡೆದ.