ಹಿಂದಿನಿಂದ ಕೂಗಿದ್ದು

"ಹುಡುಗಿ ಅಣ್ಣನ ಹೆಸರು ಹಿಡಿದು ಕೂಗಿದಳು. ಅಣ್ಣ ತಿರುಗಿ ನೋಡಿದ. ನೋಡಿದವನು ನಿಂತಲ್ಲೇ ಕಲ್ಲಾದ" ಎಂದು ಓದಿ ಪಲ್ಲವಿ ಪುಸ್ತಕ ಮುಚ್ಚಿದಳು.

ಸುಂಕಲಮ್ಮ ಶೇಂಗಾ ಸುಲಿಯುತ್ತಲೇ ಕೇಳಿದಳು. "ಮುಂದ?"

"ಅಷ್ಟ."

"ಅಷ್ಟ ಅಂದ್ರ? ಪುಸ್ತಕ ಇನ್ನಾ ದಪ್ಪ ಕಾಣಕತ್ತೈತಿ. ನಿನ್ನೆನೂ ಇಲ್ಲೇ ನಿಂದ್ರಿಸಿದಿ. ನಿಮ್ಮ ಸಾಲ್ಯಾಗ ಒಂದ ಪಾಠ ಓದ್ರಿ ಸಾಕು ಅಂದಾರೇನು?"

ಮೊಮ್ಮಗಳು ನಗಲಿಲ್ಲ. ಶಾಲೆಯ ಗ್ರಂಥಾಲಯದಿಂದ ತಂದ ಆ ಕಾದಂಬರಿಯಲ್ಲಿ ಒಬ್ಬ ಹುಡುಗನನ್ನು ಬೆಟ್ಟ ನುಂಗಿರುತ್ತದೆ. ತಂಗಿ ಅವನನ್ನು ಹುಡುಕಿಕೊಂಡು ಬೆಟ್ಟದೊಳಗೆ ಇಳಿಯುತ್ತಾಳೆ, ಕುರುಡು ಬಾವಲಿಗಳು ಅವಳಿಗೆ ದಾರಿ ತೋರಿಸುತ್ತವೆ. ಬೆಟ್ಟದ ರಾಜ ಅಣ್ಣನನ್ನು ಬಿಡುತ್ತಾನೆ. ಆದರೆ ಅವನು ಮುಂದೆ ನಡೆಯಬೇಕು, ಇವಳು ಹಿಂದೆ. ಬಯಲು ಸೇರುವ ತನಕ ಅವನನ್ನು ಕರೆಯುವಂತಿಲ್ಲ. ಸುಂಕಲಮ್ಮನಿಗೆ ಬಾವಲಿಗಳು ಹಿಡಿಸಿದ್ದವು, ರಾಜ ಹಿಡಿಸಿರಲಿಲ್ಲ.

"ಆ ರಾಜಗ ಬ್ಯಾರೆ ಕೆಲಸ ಇದ್ದಿಲ್ಲೇನು? ಸಣ್ಣ ಹುಡುಗಿಗೆ ಕತ್ತಲದಾಗ ಬಾಯಿ ಮುಚ್ಕೊಂಡು ನಡಿ ಅಂದ್ರ ಹ್ಯಾಂಗ ನಡೀತಾಳ? ತಪ್ಪು ಅವಂದ."

"ಅಲ್ಲ, ಅಕೀದ. ಕೂಗಬ್ಯಾಡ ಅಂತ ಮೊದ್ಲ ಹೇಳಿದ್ರು."

"ಹೆದರಿಕಿ ಆಗಿತ್ತವ್ವ ಅಕಿಗೆ."

"ಅಕಿಗೆ ಹೆದರಿಕಿನರ ಆಗಿತ್ತು" ಎಂದಳು ಪಲ್ಲವಿ. "ನನಗ ಅದೂ ಇದ್ದಿಲ್ಲ. ಸ್ಕೆಚ್ ಪೆನ್ ಬೇಕಿತ್ತು."

ಸುಂಕಲಮ್ಮನ ಬೆರಳುಗಳು ನಿಂತವು.

ಹೊರಟವರನ್ನು ಹಿಂದಿನಿಂದ ಕರೆಯಬಾರದು. ಯಶವಂತನಗರದ ಆ ಓಣಿಯಲ್ಲಿ ಮನೆಗೊಬ್ಬ ಲಾರಿ ಡ್ರೈವರ್ ಇದ್ದ. ತೊದಲು ಮಾತಿನ ಕೂಸಿಗೂ ಈ ಪಾಠ ಗೊತ್ತಿತ್ತು. ಹೋದ ಬೇಸಿಗೆಯಲ್ಲಿ ಸುಂಕಲಮ್ಮನ ಮಗ ದುರುಗೇಶ್ ಅದಿರು ತುಂಬಿದ ಲಾರಿ ಹತ್ತಲು ಹೊರಟಾಗ ಪಲ್ಲವಿ ಬಾಗಿಲಿಂದ "ಅಪ್ಪಾ, ಸ್ಕೆಚ್ ಪೆನ್" ಎಂದು ಕೂಗಿದ್ದಳು. ಅವನು ತಿರುಗಿ, ಆಯ್ತು ಎಂದು ಕೈ ಎತ್ತಿ ಹೋದ. ಮಧ್ಯಾಹ್ನದೊಳಗೆ ಘಾಟಿಯ ತಿರುವಿನಲ್ಲಿ ಲಾರಿ ಕೆಳಗುರುಳಿತ್ತು.

ಸಾವಿನ ಮನೆಯಲ್ಲಿ ಹೆಂಗಸರು ಬರಿದೆ ಅಳುವುದಿಲ್ಲ, ಆಡಿಕೊಂಡು ಅಳುತ್ತಾರೆ. ಸತ್ತವನ ಕಡೆಯ ದಿನವೆಲ್ಲ ರಾಗವಾಗಿ ಬರಬೇಕು. ಪಲ್ಲವಿಯ ತಾಯಿ ರೇಣುಕಾದೇವಿಯೂ ಗಂಡನ ಹೆಣದ ಮುಂದೆ ಹಾಗೆಯೇ ಅತ್ತಿದ್ದಳು. ಅರ್ಧ ಬಿಟ್ಟ ರೊಟ್ಟಿ ಬಂತು, ತಂತಿಯ ಮೇಲೆ ಒಣಗದ ಅಂಗಿ ಬಂತು. "ಮಗಳು ಹಿಂದಿಂದ ಕೂಗಿದ್ಲಲ್ಲೋ, ನೀ ಯಾಕ ಹೊಳ್ಳಿ ನೋಡಿದ್ಯೋ" ಎಂಬುದೂ ಬಂತು. ಸುಂಕಲಮ್ಮ ಅದನ್ನು ಕೇಳಿದ್ದಳು. ಸುತ್ತ ಕೂತ ಹೆಂಗಸರಂತೆ ಅವಳಿಗೂ ಅದು ಅಳುವಾಗಿಯೇ ಕೇಳಿಸಿತ್ತು. ಬಾಗಿಲ ಸಂದಿಯಲ್ಲಿ ನಿಂತ ಹುಡುಗಿಗೆ ಅದು ಬೇರೆ ರೀತಿ ಕೇಳಿಸೀತು ಎಂದು ಯಾರಿಗೂ ಹೊಳೆದಿರಲಿಲ್ಲ.

ಸಂಜೆ ರೇಣುಕಾ ಗಣಿ ಕಂಪನಿಯ ಗೆಸ್ಟ್‌ಹೌಸ್ ಕೆಲಸ ಮುಗಿಸಿ ಬಂದು, ಡ್ರಮ್ಮಿನ ನೀರಿನಿಂದ ಕಾಲಿನ ಕೆಂಪು ಧೂಳು ತೊಳೆಯುತ್ತಿದ್ದಳು. ಸುಂಕಲಮ್ಮ ಹತ್ತಿರ ಹೋಗಿ ನಿಂತಳು.

"ಅವತ್ತು ಏನೇನ್ ಆಡ್ಕೊಂಡು ಅಳ್ತಿದ್ದಿ, ನೆನಪೈತೇನವ್ವ?"

"ಯಾರಿಗೆ ನೆನಪಿರ್ತೈತಿ ಅತ್ತೆವ್ವ? ಈಗ್ಯಾಕ ಅದು?"

"ನಿನ್ನ ಮಗಳಿಗೆ ನೆನಪೈತಿ."

ಸುಂಕಲಮ್ಮ ಎಲ್ಲ ಹೇಳಿದಳು. ರೇಣುಕಾಳ ಕೈಯ ತಂಬಿಗೆಯಿಂದ ನೀರು ಅವಳ ಪಾದ ಬಿಟ್ಟು ಕಲ್ಲಿನ ಮೇಲೆ ಸುರಿಯಿತು.

"ನಾ ಹಂಗಂದ್ನಾ?"

"ಅಂದಿ. ರೊಟ್ಟಿಗೂ ಅಂದಿ, ಅಂಗಿಗೂ ಅಂದಿ. ಮಗನ್ನ ಡ್ರೈವರ್ ಮಾಡಿ ಕೊಂದಿ ಅಂತ ನನಗೂ ಅಂದಿ. ಅದನ್ನ ಕಟ್ಕೊಂಡು ಕುಂತೀನೇನು ನಾನು? ಆದ್ರ ಅದು ಕೂಸು."

ರೇಣುಕಾ ಸೀರೆಯ ಸೆರಗಿಗೆ ಕೈ ಒರೆಸುತ್ತ ಒಳಗೆ ಹೋದಳು. ಮಗಳ ಎದುರು ಕೂತಳು. ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಅವಳ ಜಡೆ ಬಿಚ್ಚತೊಡಗಿದಳು.

"ಅದು ನಿನಗ ಅಂದದ್ದಲ್ಲವ್ವ. ಅಳುವಾಗಿನ ಮಾತು ಅದು."

"ಸುಳ್ಳಾ?"

"ಸುಳ್ಳಲ್ಲ... ಅಳುವಾಗ ಬಾಯಿಗೆ ಬಂದದ್ದೆಲ್ಲ ಬರ್ತೈತಿ."

"ನಾ ಕೂಗಿದ್ದು ಖರೇ ಅಲ್ಲೇನು?"

"ಖರೇ."

"ಅಪ್ಪ ಹೊಳ್ಳಿ ನೋಡಿದ್ದು?"

"ಖರೇನ. ಲಾರೀದು ಬ್ರೇಕ್ ಹಿಡೀಲಿಲ್ಲ ತಾಯಿ. ಬ್ರೇಕಿಗೆ ಏನ್ ಗೊತ್ತು ನೀ ಕೂಗಿದ್ದು?"

"ಹೂಂ" ಎಂದಳು ಪಲ್ಲವಿ, ತಿಳಿಯದ ಲೆಕ್ಕಕ್ಕೆ ಟೀಚರ ಮುಂದೆ ತಲೆಯಾಡಿಸುವಂತೆ. ರೇಣುಕಾ ಪುಸ್ತಕ ಎತ್ತಿಕೊಂಡು, ಹುಡುಗ ಕಲ್ಲಾದ ಪುಟ ದಾಟಿ ಮುಂದಿನ ಅಧ್ಯಾಯ ತೆರೆದಳು.

"ತಡಿ, ಆ ಕಲ್ಲು ಏನಾತು ನೋಡೂಣು. ನಾ ಓದ್ತೀನಿ."

ಪಲ್ಲವಿ ಪುಟದ ಮೇಲೆ ಅಂಗೈ ಇಟ್ಟಳು. "ಬ್ಯಾಡವ್ವ."

ಆ ಕೈಯನ್ನು ಸರಿಸುವ ಧೈರ್ಯ ರೇಣುಕಾಳಿಗೆ ಬರಲಿಲ್ಲ.

ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಟ ಮೇಲೆ ಸುಂಕಲಮ್ಮ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದ, ಸೊಸೆ ಎಂದೂ ಮರೆಯದ ಐಡಿ ಕಾರ್ಡ್ ನೋಡಿದಳು. ಅದಿಲ್ಲದೆ ಗೇಟಿನಲ್ಲಿ ಒಳಗೆ ಬಿಡುವುದಿಲ್ಲ. ತೆಗೆದು ಮೊಮ್ಮಗಳ ಕೈಗೆ ಕೊಟ್ಟಳು.

"ನಿಮ್ಮವ್ವನ್ನ ಕರಿ, ಜಲ್ದಿ. ಬಸ್ ಹತ್ತಿಬಿಡ್ತಾಳ."

ಪಲ್ಲವಿ ಬಾಗಿಲಿಗೆ ಬಂದಳು. ರೇಣುಕಾ ಇನ್ನೂ ಓಣಿಯ ಅರ್ಧದಲ್ಲಿದ್ದಳು. ದಿನವೂ ಓಡುತ್ತ ಹೋಗುವವಳು ಇವತ್ತು ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ಮೂಲೆಯಲ್ಲಿ ಕಂಪನಿಯ ಬಸ್ಸು ಹಾರ್ನ್ ಹೊಡೆಯಿತು. ಅವಳು ನಿಂತಳು. ತಿರುಗಲಿಲ್ಲ.

"ಕೂಗವ್ವ" ಎಂದಳು ಸುಂಕಲಮ್ಮ, ತನ್ನಷ್ಟಕ್ಕೆ ಎಂಬಂತೆ. "ಒಂದ ಸಲ ಕೂಗು."

ಹುಡುಗಿಯ ಬಾಯಿ ತೆರೆಯಿತು. ದನಿ ಬರಲಿಲ್ಲ. ಅವಳು ತುಟಿ ಕಚ್ಚಿ ಬರಿಗಾಲಲ್ಲಿ ಓಡಿದಳು, ಗೋಡೆಯ ಅಂಚಿಗೆ ಅಂಟಿಕೊಂಡು ತಾಯಿಯನ್ನು ದಾಟಿ, ನಾಲ್ಕು ಮಾರು ಮುಂದೆ ಹೋಗಿ, ಅವಳ ಎದುರಿಗೆ ನಿಂತು ಏದುಸಿರು ಬಿಡುತ್ತ ಕಾರ್ಡ್ ಚಾಚಿದಳು.