ಗೋಡೆಯ ಮೇಲಿನ ಕಿಂಡಿ

"ತಮ್ಮಾ, ಬೇಗ ಬಾ! ಎಷ್ಟು ಕರೆದರೂ ಇವಳು ಮಾತಾಡ್ತಿಲ್ಲ!"

ಅಕ್ಕನ ಕೂಗು ಕೇಳಿದಾಗ ಬೈಂಡರ್ ತಾತ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಹಳೆಯ ನಿಘಂಟೊಂದಕ್ಕೆ ರಟ್ಟು ಕಟ್ಟುತ್ತಿದ್ದರು. ಅಂಟು ಮೆತ್ತಿದ ಕೈಯಲ್ಲೇ ಓಡಿಬಂದರು. ಸೊಂಟ ಮುರಿದು ನಾಲ್ಕು ತಿಂಗಳಿಂದ ಮಲಗಿದ್ದ ಅಕ್ಕನ ಮಂಚದ ಪಕ್ಕದಲ್ಲಿ ಅವರ ಹೆಂಡತಿ ಗೋಡೆಗೊರಗಿ ಕುಳಿತೇ ಇದ್ದಳು. ಫ್ಯಾನು ಬಿಸಿಗಾಳಿಯನ್ನೇ ಸುತ್ತಿಸುತ್ತಿತ್ತು. ಅಕ್ಕನ ಹಣೆಗೆ ಹಾಕಲೆಂದು ಹಿಂಡಿದ್ದ ಒದ್ದೆ ಬಟ್ಟೆ ಅವಳ ಮುಷ್ಟಿಯಲ್ಲೇ ಒಣಗಿ ಗಡುಸಾಗಿತ್ತು.

ಅವಳು ಹೋಗಿ ಐದು ದಿನ ಕಳೆದರೂ ಬಿಸಿಲು ಇಳಿಯಲಿಲ್ಲ. ಅಕ್ಕನ ನಾಡಿ ನೋಡಿದ ಡಾಕ್ಟರಮ್ಮ ತಾತನನ್ನು ಬಾಗಿಲಾಚೆ ಕರೆದರು. "ಒಬ್ಬರನ್ನ ಈ ಕೋಣೆಯ ಕಾವೇ ತಿಂದುಹಾಕ್ತು. ಇವರನ್ನ ಎತ್ತಿ ಸಾಗಿಸೋ ಹಾಗೂ ಇಲ್ಲ. ನಾಳೆಯೊಳಗೆ ಕೋಣೆ ತಣ್ಣಗಾಗ್ಲಿ. ಇಲ್ಲದಿದ್ರೆ ನನ್ನ ಕೈಲಿ ಏನೂ ಇಲ್ಲ."

ತಾತ ಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿದರು. ಒಬ್ಬ ಇಡೀ ಮನೆಗೆ ಒಂದೇ ಯಂತ್ರ ಸಾಕೆಂದ. ಆದರೆ ತಂಪುಗಾಳಿ ಸಾಗಿಸಲು ಸೂರಿನ ಕೆಳಗೆ ಉದ್ದಕ್ಕೂ ತಗಡಿನ ಕೊಳವೆ ಎಳೆಯಬೇಕು, ತಿಂಗಳ ಕೆಲಸ. ಇನ್ನೊಬ್ಬ ಕಿಟಕಿಯಲ್ಲಿ ಕೂರಿಸುವ ಪೆಟ್ಟಿಗೆ ತೋರಿಸಿದ. ಆ ಕೋಣೆಗಿದ್ದದ್ದು ಒಂದೇ ಕಿಟಕಿ, ಅದೂ ಗೇಣಗಲದ್ದು. ಕೊನೆಗೆ ಸಿಕ್ಕವನು ಹೊಟ್ಟೆ ಬೆಳೆಸಿಕೊಂಡ ಎಸಿ ಮೆಕ್ಯಾನಿಕ್.

"ಕೊಳವೆ ಗಿಳವೆ ಬೇಡ ಯಜಮಾನ್ರೇ. ಒಳಗೊಂದು ಪೆಟ್ಟಿಗೆ, ಹೊರಗೊಂದು ಪೆಟ್ಟಿಗೆ. ನಡುವೆ ಗೋಡೇಲಿ ಮುಷ್ಟಿ ಹೋಗೋಷ್ಟು ತೂತು. ಸಂಜೆಗೆ ಕಂಬಳಿ ಹುಡುಕ್ತೀರಿ."

ತಾತ ಅವನ ಎರಡೂ ಕೈ ಹಿಡಿದುಕೊಂಡರು. "ಈಗಲೇ ಬಾಪ್ಪಾ. ಈಗಲೇ."

ಬಂದವನು ಗೋಡೆ ಅಳೆದು ಸಿಳ್ಳೆ ಹಾಕಿದ. "ಇದೇನು ಮನೆಯೋ ಕೋಟೆಯೋ? ಎರಡಡಿ ದಪ್ಪ!"

"ನಿನ್ನ ಹೊಟ್ಟೆಯನ್ನೂ ಸೇರಿಸಿ ಅಳೆದೆಯೇನೋ," ಎಂದರು ಅಕ್ಕ ಮಲಗಿದಲ್ಲಿಂದಲೇ. ದನಿ ಕ್ಷೀಣವಾಗಿತ್ತು, ನಾಲಗೆ ಮಾತ್ರ ಹಳೆಯದೇ.

ಡ್ರಿಲ್ಲು ಗೇಣುದ್ದ ಹೋಗಿ ಕಲ್ಲಿಗೆ ತಾಗಿ ನಿಂತಿತು. ಗಾರೆ ಉದುರಿ ಅಕ್ಕನ ಮುಖದ ಮೇಲೆಲ್ಲ ಮಣ್ಣು. ಮೆಕ್ಯಾನಿಕ್ ಯಂತ್ರ ಆರಿಸಿದ. "ಉದ್ದನೇ ಡ್ರಿಲ್ಲು ತರಿಸ್ಬೇಕು ಯಜಮಾನ್ರೇ. ನಾಲ್ಕು ದಿನ ಆಗತ್ತೆ."

"ನಾಲ್ಕು ದಿನ ನಾನಿರಲ್ಲಪ್ಪಾ," ಎಂದು ಅಕ್ಕ ನಗಲು ನೋಡಿ ಕೆಮ್ಮಿದರು. ತಾತ ಅವರ ಮುಖ ಒರೆಸಿದರು. ಮೈ ಕೆಂಡದಂತಿತ್ತು, ತುಟಿ ಒಡೆದಿತ್ತು.

ಮೆಕ್ಯಾನಿಕ್ ಸೂರಿನ ಕಡೆ ಕಣ್ಣಾಡಿಸಿದ. "ಹಳೇ ಮನೆ ಅಲ್ವಾ? ಆಗಿನೋರು ಮೇಲೆ ಗಾಳಿಕಿಂಡಿ ಬಿಡದೆ ಕಟ್ತಿರಲಿಲ್ಲ. ಎಲ್ಲಿದೆ?"

ತಾತ ನೆಲ ನೋಡುತ್ತ ನಿಂತರು. ಅವನು ಏಣಿ ಹತ್ತಿ ಬೆರಳಿನಿಂದ ಗೋಡೆ ಬಡಿಯುತ್ತ ಹೋದ. ಒಂದು ಕಡೆ ಸದ್ದು ಬದಲಾಯಿತು. "ಇಲ್ಲಿ ಟೊಳ್ಳು! ಯಾವ ಪುಣ್ಯಾತ್ಮ ಮುಚ್ಚಿದ್ದು? ಗುರುತೇ ಸಿಗಲ್ಲ!"

"ನಾನೇ," ಎಂದರು ತಾತ.

ಮೂರು ತಿಂಗಳ ಹಿಂದಿನ ಮಾತು. ಕಿಂಡಿಯಲ್ಲಿ ಕೂತ ಪಾರಿವಾಳದ ಪುಕ್ಕ ಅಕ್ಕನ ಹಾಸಿಗೆಗೆ ಬೀಳುತ್ತಿತ್ತು. 'ಒಂದು ಬಲೆ ಕಟ್ಟಿ, ಸಾಕು. ಕಾವು ಹೊರಗೆ ಹೋಗೋಕೆ ಇರೋದು ಅದೊಂದೇ ದಾರಿ' ಎಂದಿದ್ದಳು ಹೆಂಡತಿ. ಬಲೆ ಕಟ್ಟಲು ನಾನೇನು ಮೀನು ಹಿಡಿಯುವವನೇ ಎಂದು ನಕ್ಕು, ತಾತ ಎರಡು ಪದರ ರಟ್ಟು ಕತ್ತರಿಸಿ ಕೂರಿಸಿ, ಅಂಚಿಗೆಲ್ಲ ಬೈಂಡಿಂಗ್ ಬಟ್ಟೆ ಅಂಟಿಸಿ, ಮೇಲೆ ಸುಣ್ಣ ಬಳಿದಿದ್ದರು. ಐವತ್ತು ವರ್ಷ ಪುಸ್ತಕ ಕಟ್ಟಿದ ಕೈ. ಗಾಳಿಯ ಎಳೆ ನುಸುಳಲೂ ಜಾಗ ಬಿಟ್ಟಿರಲಿಲ್ಲ.

"ನಾನೇ ಅವಳನ್ನ ಕೊಂದೆ ಅಕ್ಕಾ." ತಾತ ಮಂಚದ ಕಾಲು ಹಿಡಿದು ಕುಸಿದರು.

ಅಕ್ಕ ಕೈ ಚಾಚಿ ಅವರ ತಲೆ ಮುಟ್ಟಿದರು. "ಪುಕ್ಕ ಬೀಳತ್ತೆ ಅಂತ ದಿನಾ ಗೊಣಗಿದ್ದು ಯಾರು? ಎಲ್ಲಾ ನಿನಗೊಬ್ಬನಿಗೇ ಬೇಕಾ? ಚಿಕ್ಕಂದಿನಿಂದ ಇದೇ ಬುದ್ಧಿ ನಿಂದು, ನನ್ನ ಪಾಲಿಗೂ ಕೈ ಹಾಕೋದು." ಅಕ್ಕ ಸೂರಿನ ಕಡೆ ಬೆರಳು ತೋರಿಸಿದರು. "ಏಳು. ಏಣಿ ಹತ್ತಿ ಕೊಯ್ಯಿ."

ತಾತ ತಮ್ಮ ರಟ್ಟು ಕೊಯ್ಯುವ ಚಾಕು ತಂದರು. ತಮ್ಮದೇ ಅಂಟು, ಸುಲಭಕ್ಕೆ ಬಿಡಲಿಲ್ಲ. ಕೊನೆಯ ಅಂಚು ಹರಿದಾಗ ಸೂರಿನಡಿ ನಿಂತಿದ್ದ ಕಾವು ಒಲೆಯ ಉಸಿರಿನಂತೆ ಅವರ ಮುಖ ಸವರಿ ಹೊರಗೆ ನುಗ್ಗಿತು. ಕಣ್ಣು ಮುಚ್ಚಿಕೊಂಡರು.

ಯಂತ್ರದಿಂದ ತೊಟ್ಟಿಕ್ಕುವ ನೀರು ಹೊರಗೆ ಹರಿಯಬೇಕೆಂದು ಮೆಕ್ಯಾನಿಕ್ ಒಳಗಿನ ಪೆಟ್ಟಿಗೆಯನ್ನು ಕಿಂಡಿಗಿಂತ ನಾಲ್ಕು ಬೆರಳು ಮೇಲೆ ಕೂರಿಸಿ, ಪೈಪನ್ನು ಕಿಂಡಿಯಿಂದಲೇ ದಾಟಿಸಿದ. ಬಿಸಿಲು ಆರುವ ಮೊದಲೇ ಯಂತ್ರ ಓಡತೊಡಗಿತು. ಅಕ್ಕ ಸೆರಗನ್ನು ಕತ್ತಿನವರೆಗೆ ಎಳೆದುಕೊಂಡರು. ಉಸಿರು ನಿಧಾನವಾಯಿತು.

"ಪೈಪಿನ ಸುತ್ತ ಸಂದು ಉಳಿದಿದೆ," ಎಂದ ಮೆಕ್ಯಾನಿಕ್ ಸಾಮಾನು ಕಟ್ಟುತ್ತ. "ಗಟ್ಟಿಯಾಗಿ ಮುಚ್ಚಿಬಿಡಿ, ಇಲ್ಲದಿದ್ರೆ ತಂಪೆಲ್ಲ ಹೊರಗೇ. ನಿಮ್ಮ ಕೈಕೆಲಸ ನೋಡಿದೆನಲ್ಲ, ನೀವೇ ಮಾಡಿ."

ಅವನು ಹೋದ ಮೇಲೆ ತಾತ ರಟ್ಟು, ಅಂಟು ಹಿಡಿದು ಮತ್ತೆ ಏಣಿ ಹತ್ತಿದರು. ಮೂರು ಕಡೆ ಮುಚ್ಚಿದರು. ಉಳಿದ ಸಂದಿಗೆ ಅಂಗೈ ಒಡ್ಡಿದರು. ಕೋಣೆಯ ತಂಪು ಬೆರಳುಗಳ ನಡುವೆ ಹಾದು, ಬೆಂದ ಆಕಾಶದ ಕಡೆ ಹೋಗುತ್ತಿತ್ತು.

"ಮುಚ್ಚಿದೆಯಾ ತಮ್ಮಾ?"

"ಇನ್ನೂ ಇಲ್ಲ ಅಕ್ಕಾ."

"ಇರಲಿ ಬಿಡು. ಸ್ವಲ್ಪ ಹೊತ್ತು ಅವಳಿಗೂ ಹೋಗಲಿ."

ತಾತ ಗೋಡೆಗೆ ಹಣೆ ಒತ್ತಿದರು. "ದೇವರೇ, ಅವಳನ್ನ ನೆರಳಿರೋ ಕಡೆ ಇಡಪ್ಪಾ. ಆ ಜೀವಕ್ಕೆ ಶಾಂತಿ ಕೊಡು."