ಆರು ಗಂಟೆಯ ಅಕ್ಕ

ಹೂವಿನ ಚಕ್ರವನ್ನು ಎಲ್ಲಿಡುವುದೆಂದು ತೋಚದೆ ಬಾನುಲಿಯ ನಿರ್ದೇಶಕ ಅದನ್ನು ಹೊಲಿಗೆ ಯಂತ್ರಕ್ಕೆ ಒರಗಿಸಿದ. ಜಾರಿತು. ಮತ್ತೆ ಎತ್ತಿಕೊಂಡ. ಅದರ ಪಟ್ಟಿಯ ಮೇಲೆ ‘ವಿಶ್ವವಿದ್ಯಾಲಯ ಬಾನುಲಿ’ ಎಂದಿತ್ತು.

“ಕೊಡಿ ಇಲ್ಲಿ,” ಎಂದು ಪಕ್ಕದ ಮನೆಯಾಕೆ ಅದನ್ನು ನಡುಮನೆಯಲ್ಲಿ ಮಲಗಿಸಿದ್ದ ಅಕ್ಕನ ಕಾಲ ಬಳಿ ಇಟ್ಟಳು. “ಆರಕ್ಕೆ ರೇಡಿಯೊದಲ್ಲಿ ಇವ್ರ ದನಿ ಕೇಳಿದ್ಮೇಲೇನೇ ನಾನು ಒಲೆ ಹಚ್ತಿದ್ದಿದ್ದು. ಈಗಿನ ಹುಡುಗಿ ಉಸಿರೇ ತಗೊಳ್ದೆ ಓದ್ತಾಳೆ, ನನ್ನ ಒಲೇನೂ ಹತ್ತಲ್ಲ.” ದನಿ ತಗ್ಗಿಸಿದಳು. “ಆ ಹುಡುಗಿ ಬಂದ್ಮೇಲೂ ಅಕ್ಕ ದಿನಾ ಸ್ಟೇಷನ್ನಿಗೆ ಹೋಗ್ತಿದ್ರಲ್ಲ, ಯಾಕೆ ಅಂತ ಕೇಳೋಣ ಅಂದ್ರೆ ಟೈಲರ್ ಬೇಡ ಅಂತ ಕಣ್ಸನ್ನೆ ಮಾಡೋರು.”

ನಿರ್ದೇಶಕ ಮೂಲೆಯಲ್ಲಿ ಕೂತಿದ್ದ ಟೈಲರ್ ಕಡೆ, ಅಕ್ಕನ ಗಂಡನ ಕಡೆ ನೋಡಿದ.

*

ಗ್ರಂಥಾಲಯದ ಮೇಲಿನ ಎರಡು ಕೋಣೆಗಳೇ ಬಾನುಲಿ. ಅದರ ಮೊದಲ ದನಿ ಅಕ್ಕನದು. ಮೈಕಿನ ಮುಂದೆ ಉಸಿರಾಡುವುದನ್ನು ನಿರ್ದೇಶಕನಿಗೆ ಕಲಿಸಿದ್ದೂ ಅವಳೇ. ಅವಳ ದನಿ ನಡುಗತೊಡಗಿದಾಗ ಸಭೆಯಲ್ಲಿ ಎಲ್ಲರೂ ಮೇಜು ನೋಡಿದರು. “ಇನ್ನು ಓದೋದು ಬೇಡ ಅಂತ ಅಕ್ಕಂಗೆ ನಾನು ಹೇಳ್ತೀನಿ,” ಎಂದ ಅವನು.

ಹೇಳಲಿಲ್ಲ. ಹಳೆಯ ಸ್ಟುಡಿಯೋ ಚೊಕ್ಕ ಮಾಡಿಸಿ ಅವಳನ್ನು ಅಲ್ಲಿ ಕೂರಿಸಿದ. ಮೈಕಿನ ತಂತಿ ಮೇಜಿನ ಕೆಳಗೇ ಮುಗಿಯುತ್ತಿತ್ತು. ಹೊರಗಿನಿಂದ ಪ್ರಸಾರದ ಕೆಂಪು ದೀಪದ ಸ್ವಿಚ್ಚು ಅವನೇ ಒತ್ತುತ್ತಿದ್ದ. ಅಕ್ಕ ಬೆನ್ನು ನೆಟ್ಟಗೆ ಮಾಡಿ ಓದುತ್ತಿದ್ದಳು. ಗಾಜಿನಾಚೆ ತುಟಿಗಳಷ್ಟೇ ಆಡುತ್ತಿದ್ದವು. ಪಕ್ಕದ ಕೋಣೆಯಿಂದ ಹೊಸ ಹುಡುಗಿಯ ದನಿ ಊರಿಗೆ ಹೋಗುತ್ತಿತ್ತು.

“ಹೇಗಿತ್ತೋ?” ಎಂದು ಹೊರಬರುತ್ತಿದ್ದಳು.

“ಚೆನ್ನಾಗಿತ್ತು ಅಕ್ಕ.”

*

ನಿರ್ದೇಶಕ ಹೋಗಿ ಟೈಲರ್ ಪಕ್ಕ ಕೂತ. “ಭಾವ, ನಿಮಗೆ ಗೊತ್ತಿತ್ತಾ?”

“ರೇಡಿಯೊ ಹಾಕ್ಕೊಂಡೇ ಅಲ್ವೇನಯ್ಯ ನಾನು ಹೊಲಿಯೋದು?” ಟೈಲರ್ ತಲೆ ಎತ್ತಲಿಲ್ಲ. “ಮನೆಗೆ ಬಂದು ಚಪ್ಪಲಿ ಬಿಡೋಕೂ ಮುಂಚೆ ಹೇಗಿತ್ತು ಅನ್ನೋಳು. ಚೆನ್ನಾಗಿತ್ತು ಅಂತಿದ್ದೆ. ಕೆಂಪು ದೀಪ ಹತ್ತಿದ್ರೆ ಸಾಕು, ದನಿ ತಾನೇ ಗಟ್ಟಿಯಾಗುತ್ತೆ ಕಣ್ರೀ ಅನ್ನೋಳು. ಅದಕ್ಕೂ ಹೂಂ ಅಂತಿದ್ದೆ.”

ಬೈದಿದ್ದರೆ ನಿರ್ದೇಶಕನಿಗೆ ಹಗುರವಾಗುತ್ತಿತ್ತು. ಹೊರಗೆ ಶವದ ವ್ಯಾನು ಹಿಮ್ಮುಖವಾಗಿ ಬರುತ್ತಿತ್ತು. ಯಾರೋ “ಬರ್ಲಿ, ಬರ್ಲಿ” ಎಂದು ಕೂಗುತ್ತಿದ್ದರು.

“ಭಾವ, ನಾಳೆ ಆರಕ್ಕೆ ಅಕ್ಕನ ಹಳೇ ಟೇಪು ಹಾಕ್ತೀವಿ. ಒಂದು ಗಂಟೆ ಪೂರ್ತಿ ಅಕ್ಕಂದೇ. ನೀವು ಬಂದು ಎರಡು ಮಾತಾಡಿ. ಇಡೀ ಊರು ಕೇಳುತ್ತೆ.” ತಡೆದ. “ನಿಜವಾಗ್ಲೂ ಕೇಳುತ್ತೆ.”

ಟೈಲರ್ ನಿರ್ದೇಶಕನ ಅಂಗಿಯ ತೋಳಿನಲ್ಲಿ ಜೋಲುತ್ತಿದ್ದ ನೂಲೊಂದನ್ನು ಕಂಡು, ಅಭ್ಯಾಸದಂತೆ, ಬೆರಳಿಗೆ ಸುತ್ತಿ ಕಿತ್ತ.

“ಕೆಂಪು ದೀಪ ಹತ್ತುತ್ತಾ?”

“ಹತ್ತುತ್ತೆ ಭಾವ.”

“ಆ ದೀಪ ನಂಬ್ಕೊಂಡು ನಾನು ಬರಲ್ಲ.”